ಬಾಳೆಹಣ್ಣು ತಿನ್ನಬೇಕೋ ಬೇಡವೋ? ಕರುಳಿನ ಪಥ್ಯದ ಪಟ್ಟಿಗಳು ಒಂದಕ್ಕೊಂದು ತಾಳೆಯಾಗದಾಗ ಏನು ಮಾಡಬೇಕು: ಸಮಗ್ರ ಮಾರ್ಗದರ್ಶಿ

ಫ್ರಿಜ್ ಬಾಗಿಲಿಗೆ ಎರಡು ಹಾಳೆ ಅಂಟಿಸಿಕೊಂಡಿದ್ದೆ. ಎಡಗಡೆಯದು ನಾನು ಮೊದಲು ತೋರಿಸಿಕೊಂಡ ಕ್ಲಿನಿಕ್‌ನಲ್ಲಿ ಕೊಟ್ಟ ಜೆರಾಕ್ಸ್ ಪ್ರತಿ. ಅದರಲ್ಲಿ ‘ಬಾಳೆಹಣ್ಣು: ಚೆನ್ನಾಗಿ ಮಾಗಿರಬೇಕು, ಸಿಪ್ಪೆಯ ಮೇಲೆ ಕಂದು ಚುಕ್ಕೆ ಬಂದಿರಬೇಕು’ ಎಂದಿತ್ತು. ಬಲಗಡೆಯದು ಪಥ್ಯ ಮಾಡಿ ಗುಣ ಕಂಡಿದ್ದ ಗೆಳತಿ ಕೊಟ್ಟದ್ದು. ಅದರಲ್ಲಿ ‘ಬಾಳೆಹಣ್ಣು: ಗಟ್ಟಿಯಾಗಿದ್ದರೆ ಸರಿ, ಮಾಗಿದ್ದು ಬೇಡ’. ಕೈಯಲ್ಲಿ ಹಣ್ಣು ಹಿಡಿದುಕೊಂಡು ಆ ಎರಡು ಹಾಳೆಗಳ ಮುಂದೆ ಎಷ್ಟೋ ಹೊತ್ತು ನಿಂತಿದ್ದೆ. ಕೊನೆಗೆ ಹಣ್ಣನ್ನು ಬುಟ್ಟಿಗೆ ವಾಪಸ್ ಇಟ್ಟೆ.

ಅವತ್ತಿನಿಂದ ಒಂದು ನಿಯಮ ಮಾಡಿಕೊಂಡೆ: ಎರಡೂ ಪಟ್ಟಿ ಒಪ್ಪಿದ್ದನ್ನು ಮಾತ್ರ ತಿನ್ನುವುದು. ಸುರಕ್ಷಿತ ದಾರಿ ಅಂದುಕೊಂಡಿದ್ದೆ. ಆಮೇಲೆ ಮೂರನೇ ಪಟ್ಟಿ ಸಿಕ್ಕಿತು, ಅದನ್ನೂ ಸೇರಿಸಿದೆ. ಆರನೇ ವಾರದ ಹೊತ್ತಿಗೆ ನನ್ನ ಪಾಲಿಗೆ ಹನ್ನೊಂದು ಪದಾರ್ಥ ಉಳಿದಿದ್ದವು. ತೂಕ ಇಳಿದಿತ್ತು, ಊಟದ ಹೊತ್ತಾದರೆ ಎದೆ ಢವಗುಟ್ಟುತ್ತಿತ್ತು, ಹೊಟ್ಟೆ ಉಬ್ಬರ ಮಾತ್ರ ಇದ್ದ ಹಾಗೇ ಇತ್ತು.

ಈ ಬರಹ ಆ ಆರು ವಾರ ನಿಮಗೆ ಬಾರದಿರಲಿ ಎಂದು. ಪಟ್ಟಿಗಳು ಜಗಳವಾಡುವುದಕ್ಕೆ ಕಾರಣಗಳಿವೆ, ಹೆಚ್ಚಿನವು ಕೆಲವೇ ಪ್ರಶ್ನೆಗಳಿಗೆ ಬಿಚ್ಚಿಕೊಳ್ಳುತ್ತವೆ. ಯಾವ ಪಟ್ಟಿಯಾದರೂ ಹೇಳುವುದು ‘ಇಂಥ ಪಥ್ಯದಲ್ಲಿ, ಇಂಥ ರೂಪದಲ್ಲಿ, ಇಷ್ಟು ಗ್ರಾಂ, ಇಂಥ ವರ್ಷ ಅಳೆದಾಗ ಸರಿ ಕಂಡಿತು’ ಎಂಬ ಪೂರ್ತಿ ವಾಕ್ಯವನ್ನು. ಹಾಳೆಗೆ ಇಳಿಯುವಾಗ ಅದರಲ್ಲಿ ಒಂದು ಹೆಸರು, ಒಂದು ಟಿಕ್ ಗುರುತು ಮಾತ್ರ ಉಳಿಯುತ್ತದೆ. ಕಳೆದುಹೋದ ಆ ಭಾಗವನ್ನು ಹುಡುಕಿ ತರುವುದೇ ನಮ್ಮ ಕೆಲಸ.

ಶುರುವಿಗೆ ಮುಂಚೆ: ಪರೀಕ್ಷೆ ಮೊದಲು, ಪಥ್ಯ ಆಮೇಲೆ

ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ, ಜ್ವರ, ರಾತ್ರಿ ನಿದ್ದೆಯಿಂದ ಎಬ್ಬಿಸುವ ಭೇದಿ, 50 ದಾಟಿದ ಮೇಲೆ ಹೊಸದಾಗಿ ಶುರುವಾದ ತೊಂದರೆ, ಮನೆಯವರಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಅಥವಾ ಕರುಳಿನ ಉರಿಯೂತದ ಕಾಯಿಲೆ ಇರುವುದು: ಇವುಗಳಲ್ಲಿ ಒಂದಿದ್ದರೂ ಪಟ್ಟಿಗಳನ್ನು ಬದಿಗಿಟ್ಟು ವೈದ್ಯರನ್ನು ಕಾಣಿ.

ಇನ್ನೊಂದು ವಿಷಯವನ್ನು ಬಹಳ ಜನ ತಪ್ಪುತ್ತಾರೆ. ಸೆಲಿಯಾಕ್ ಕಾಯಿಲೆಯ (ಗೋಧಿಯಲ್ಲಿರುವ ಗ್ಲುಟೆನ್ ಎಂಬ ಪ್ರೊಟೀನಿನಿಂದ ಸಣ್ಣ ಕರುಳು ಹಾಳಾಗುವ ಕಾಯಿಲೆ) ರಕ್ತಪರೀಕ್ಷೆಯನ್ನು ಗೋಧಿ ಬಿಡುವುದಕ್ಕೆ ಮುಂಚೆಯೇ ಮಾಡಿಸಿಕೊಳ್ಳಬೇಕು. ಗ್ಲುಟೆನ್ ಬಿಟ್ಟು ತಿಂಗಳುಗಳಾದ ಮೇಲೆ ಪರೀಕ್ಷೆ ಮಾಡಿಸಿದರೆ ಕಾಯಿಲೆ ಇದ್ದರೂ ‘ಇಲ್ಲ’ ಎಂದು ಬರಬಹುದು. ಬ್ರಿಟನ್ನಿನ ನೈಸ್ ಸಂಸ್ಥೆಯ ಮಾರ್ಗಸೂಚಿ, ಪರೀಕ್ಷೆಗೆ ಮುಂಚೆ ಕನಿಷ್ಠ 6 ವಾರ ದಿನಕ್ಕೆ ಒಂದಕ್ಕಿಂತ ಹೆಚ್ಚು ಹೊತ್ತು ಗ್ಲುಟೆನ್ ಇರುವ ಊಟ ಮಾಡಿರಬೇಕು ಎನ್ನುತ್ತದೆ. ಈಗಾಗಲೇ ಗೋಧಿ ಬಿಟ್ಟಿದ್ದರೆ ವೈದ್ಯರಿಗೆ ಅದನ್ನು ಮರೆಯದೆ ಹೇಳಿ.

ಮಕ್ಕಳು, ಗರ್ಭಿಣಿಯರು, ತೂಕ ಕಡಿಮೆ ಇರುವವರು, ಊಟದ ಬಗ್ಗೆ ಹಿಂದೆ ಎಂದಾದರೂ ಮಾನಸಿಕ ತೊಳಲಾಟ ಪಟ್ಟವರು ಇಂಥ ಕಟ್ಟುನಿಟ್ಟಿನ ಪಥ್ಯವನ್ನು ಡಯಟಿಷಿಯನ್ ಜೊತೆಗಿಲ್ಲದೆ ಮಾಡಬಾರದು. ಇದನ್ನು ಕಾಟಾಚಾರಕ್ಕೆ ಬರೆಯುತ್ತಿಲ್ಲ. ಹನ್ನೊಂದು ಪದಾರ್ಥಗಳ ವಾರಗಳಲ್ಲಿ ನನ್ನ ಮನಸ್ಸು ಹೋದ ದಾರಿ ನನಗೆ ಗೊತ್ತಿದೆ.

ಹಂತ 1: ಇದು ಯಾವ ಪಥ್ಯದ ಪಟ್ಟಿ?

ಅರ್ಧಕ್ಕರ್ಧ ಗೊಂದಲ ಇಲ್ಲೇ ಮುಗಿಯುತ್ತದೆ. ‘ಕರುಳಿಗೆ ಒಳ್ಳೆಯ ಆಹಾರ’ ಎಂಬ ಒಂದೇ ತಲೆಬರಹದ ಕೆಳಗೆ ಬೇರೆ ಬೇರೆ ತರ್ಕದ ಪಥ್ಯಗಳು ಓಡಾಡುತ್ತಿವೆ.

ಲೋ ಫಾಡ್‌ಮ್ಯಾಪ್ ಪಥ್ಯ ಆಸ್ಟ್ರೇಲಿಯಾದ್ದು. ಪೀಟರ್ ಗಿಬ್ಸನ್ ಮತ್ತು ಸೂಸನ್ ಶೆಫರ್ಡ್ 2005ರಲ್ಲಿ ಈ ಪದವನ್ನು ಬಳಕೆಗೆ ತಂದರು. ಮೆಲ್ಬರ್ನ್‌ನ ಮೊನಾಶ್ ವಿಶ್ವವಿದ್ಯಾಲಯ ಅದನ್ನು ಬೆಳೆಸಿತು. ಸಣ್ಣ ಕರುಳಿನಲ್ಲಿ ಸರಿಯಾಗಿ ಹೀರಿಕೊಳ್ಳದೆ ಉಳಿಯುವ ಕೆಲವು ಸಣ್ಣ ಸಕ್ಕರೆಗಳು ನೀರನ್ನು ಎಳೆದುಕೊಳ್ಳುತ್ತವೆ, ದೊಡ್ಡ ಕರುಳಿಗೆ ಹೋಗಿ ಹುದುಗಿ ಗ್ಯಾಸ್ ಮಾಡುತ್ತವೆ ಎಂಬುದು ಅದರ ತರ್ಕ. ಈರುಳ್ಳಿ, ಬೆಳ್ಳುಳ್ಳಿ, ಗೋಧಿಯ ಫ್ರಕ್ಟಾನ್; ಕಾಳುಗಳ ಗ್ಯಾಲಕ್ಟೋ-ಆಲಿಗೋಸ್ಯಾಕರೈಡ್; ಹಾಲಿನ ಲ್ಯಾಕ್ಟೋಸ್; ಜೇನುತುಪ್ಪದ ಹೆಚ್ಚುವರಿ ಫ್ರಕ್ಟೋಸ್; ಸಾರ್ಬಿಟಾಲ್, ಮ್ಯಾನಿಟಾಲ್ ಥರದ ಪಾಲಿಯಾಲ್‌ಗಳು (ಸಕ್ಕರೆ ಆಲ್ಕೋಹಾಲ್‌ಗಳು): ಇವಕ್ಕೆಲ್ಲ ಒಟ್ಟಾಗಿ ಫಾಡ್‌ಮ್ಯಾಪ್ ಎಂದು ಹೆಸರು. ಪಿಷ್ಟದ ಮೇಲೆ ಇದಕ್ಕೆ ಜಗಳವಿಲ್ಲ. ಅಕ್ಕಿ, ಆಲೂಗಡ್ಡೆ, ಮಾಮೂಲಿ ಸಕ್ಕರೆ ನಡೆಯುತ್ತವೆ.

ಎಸ್‌ಸಿಡಿ ಎಂದು ಕರೆಯುವ ಸ್ಪೆಸಿಫಿಕ್ ಕಾರ್ಬೋಹೈಡ್ರೇಟ್ ಪಥ್ಯ ಇದಕ್ಕಿಂತ ಬಹಳ ಹಳೆಯದು. ನ್ಯೂಯಾರ್ಕ್‌ನ ಮಕ್ಕಳ ವೈದ್ಯ ಸಿಡ್ನಿ ಹಾಸ್ ಸೆಲಿಯಾಕ್ ಮಕ್ಕಳಿಗೆ ಬಾಳೆಹಣ್ಣಿನ ಪಥ್ಯ ಕೊಟ್ಟು 1924ರಲ್ಲಿ ವರದಿ ಪ್ರಕಟಿಸಿದರು. ಮಕ್ಕಳು ಚೇತರಿಸಿಕೊಂಡರು, ಗೋಧಿ ತಟ್ಟೆಯಿಂದ ಹೊರಗೆ ಹೋದದ್ದೇ ಅದಕ್ಕೆ ಕಾರಣ ಎಂಬುದು ಆಗ ಯಾರಿಗೂ ತಿಳಿದಿರಲಿಲ್ಲ. ಅದನ್ನು ಆಮೇಲೆ ತೋರಿಸಿಕೊಟ್ಟವರು ಡಚ್ ವೈದ್ಯ ವಿಲೆಮ್ ಡಿಕೆ. ಹಾಸ್ ಅವರ ಪದ್ಧತಿಯಿಂದ ತಮ್ಮ ಮಗಳು ಗುಣವಾದದ್ದನ್ನು ಕಂಡ ಎಲೇನ್ ಗಾಟ್‌ಶಾಲ್ ಅದನ್ನು ಜನರ ನಡುವೆ ಹರಡಿದರು. ಇಲ್ಲಿನ ತರ್ಕ ಬೇರೆ: ಪಿಷ್ಟ ಮತ್ತು ಎರಡು ಸಕ್ಕರೆ ಕೂಡಿದ ಸಕ್ಕರೆಗಳು ಕೆಟ್ಟ ಸೂಕ್ಷ್ಮಜೀವಿಗಳಿಗೆ ಮೇವು, ಆದ್ದರಿಂದ ಧಾನ್ಯ, ಆಲೂಗಡ್ಡೆ, ಸಕ್ಕರೆ ಬೇಡ. ಜೇನುತುಪ್ಪ, ಈರುಳ್ಳಿ, ಬೆಳ್ಳುಳ್ಳಿ, ಮನೆಯಲ್ಲೇ 24 ಗಂಟೆ ಹೆಪ್ಪಾದ ಮೊಸರು ನಡೆಯುತ್ತವೆ.

ಈಗ ನನ್ನ ಫ್ರಿಜ್ ಬಾಗಿಲಿಗೆ ವಾಪಸ್ ಬನ್ನಿ. ಬಾಳೆಹಣ್ಣು ಮಾಗಿದಂತೆ ಪಿಷ್ಟ ಕರಗಿ ಸಕ್ಕರೆಯಾಗುತ್ತದೆ, ಆದ್ದರಿಂದ ಎಸ್‌ಸಿಡಿಗೆ ಕಂದು ಚುಕ್ಕೆ ಬಂದ ಹಣ್ಣೇ ಬೇಕು. ಮಾಗಿದಂತೆ ಅದರಲ್ಲಿ ಫ್ರಕ್ಟಾನ್ ಹೆಚ್ಚುತ್ತದೆ, ಆದ್ದರಿಂದ ಲೋ ಫಾಡ್‌ಮ್ಯಾಪ್‌ಗೆ ಗಟ್ಟಿ ಹಣ್ಣು ಬೇಕು. ಎರಡು ಹಾಳೆಯೂ ತನ್ನ ಲೆಕ್ಕದಲ್ಲಿ ಸರಿಯಾಗಿಯೇ ಇತ್ತು. ಎಡಗಡೆಯ ಹಾಳೆಯ ಮೇಲೆ ಅದು ಯಾವ ಪಥ್ಯದ್ದು ಎಂಬುದನ್ನೇ ಬರೆದಿರಲಿಲ್ಲ. ಕ್ಲಿನಿಕ್‌ನಲ್ಲಿ ಯಾರೂ ಹೇಳಿರಲಿಲ್ಲ, ಕೇಳಬೇಕೆಂದು ನನಗೂ ಹೊಳೆಯಲಿಲ್ಲ.

ಇವೆರಡರ ಜೊತೆಗೆ, ಕೆಲವು ಆಹಾರಗಳಲ್ಲಿರುವ ಹಿಸ್ಟಮಿನ್ ಎಂಬ ರಾಸಾಯನಿಕವನ್ನು ದೂರವಿಡುವ ಲೋ ಹಿಸ್ಟಮಿನ್ ಪಟ್ಟಿಗಳಿವೆ: ಟೊಮೆಟೊ, ಪಾಲಕ್, ಹಳೆಯ ಚೀಸ್, ಹುದುಗಿಸಿದ ಪದಾರ್ಥ ಎಲ್ಲವೂ ಬೇಡ ಎನ್ನುತ್ತವೆ. ‘ಕರುಳಿನ ಜೀವಿಗಳಿಗಾಗಿ ಹುದುಗಿಸಿದ್ದನ್ನೇ ತಿನ್ನಿ’ ಎನ್ನುವ ಸಲಹೆಗೆ ಇದು ನೇರ ವಿರುದ್ಧ. ಗ್ಲುಟೆನ್‌ರಹಿತ ಪಟ್ಟಿಗಳೂ ಇವೆ, ಅವುಗಳ ವಿಷಯ ಮುಂದೆ.

ಮಾಡಬೇಕಾದದ್ದು: ನಿಮ್ಮ ಹತ್ತಿರ ಇರುವ ಪ್ರತಿ ಪಟ್ಟಿಯ ನೆತ್ತಿಯ ಮೇಲೆ ಪಥ್ಯದ ಹೆಸರು ಬರೆಯಿರಿ. ಹೆಸರಿಲ್ಲದಿದ್ದರೆ ನಾಲ್ಕು ಪದಾರ್ಥ ನೋಡಿ: ಅಕ್ಕಿ, ಜೇನುತುಪ್ಪ, ಬೆಳ್ಳುಳ್ಳಿ, ಟೊಮೆಟೊ. ಅಕ್ಕಿ ಸರಿ, ಜೇನು ಮತ್ತು ಬೆಳ್ಳುಳ್ಳಿ ಬೇಡ ಎಂದರೆ ಫಾಡ್‌ಮ್ಯಾಪ್. ಅಕ್ಕಿ ಬೇಡ, ಜೇನು ಸರಿ ಎಂದರೆ ಎಸ್‌ಸಿಡಿ ಅಥವಾ ಅದರ ಬಳಗ. ಟೊಮೆಟೊ ಬೇಡ, ಬೆಳ್ಳುಳ್ಳಿಯ ಬಗ್ಗೆ ತಕರಾರಿಲ್ಲ ಎಂದರೆ ಬಹುಶಃ ಹಿಸ್ಟಮಿನ್. ಎಲ್ಲದಕ್ಕೂ ‘ಬೇಡ’ ಎಂದಿದ್ದರೆ ಯಾರೋ ನನ್ನ ಹಾಗೆ ಪಟ್ಟಿಗಳನ್ನು ಬೆರೆಸಿದ್ದಾರೆ, ಅದನ್ನು ಹರಿದು ಹಾಕಿ.

ಆಮೇಲೆ ಒಂದೇ ಒಂದು ಪಥ್ಯ ಆರಿಸಿಕೊಳ್ಳಿ. ಐಬಿಎಸ್ (ಇರಿಟಬಲ್ ಬವೆಲ್ ಸಿಂಡ್ರೋಮ್, ಹೊಟ್ಟೆನೋವು, ಉಬ್ಬರ, ಭೇದಿ ಅಥವಾ ಮಲಬದ್ಧತೆ ಮತ್ತೆ ಮತ್ತೆ ಕಾಡುವ ಕರುಳಿನ ತೊಂದರೆ) ಎಂದು ವೈದ್ಯರು ಹೇಳಿದ್ದರೆ ಲೋ ಫಾಡ್‌ಮ್ಯಾಪ್‌ಗೆ ಇರುವಷ್ಟು ಪುರಾವೆ ಮಿಕ್ಕವಕ್ಕಿಲ್ಲ. ಅಮೆರಿಕದ ಜಠರಗರುಳು ತಜ್ಞರ ಕಾಲೇಜು 2021ರ ಮಾರ್ಗಸೂಚಿಯಲ್ಲಿ ಅದನ್ನು ಸೀಮಿತ ಅವಧಿಗೆ ಮಾಡಿ ನೋಡಲು ಹೇಳಿದೆ. ‘ಸೀಮಿತ ಅವಧಿ’ ಎಂಬ ಮಾತನ್ನು ಮರೆಯಬೇಡಿ. ಮುಂದಿನ ಹಂತಗಳನ್ನು ಆ ಪಥ್ಯ ಇಟ್ಟುಕೊಂಡೇ ಬರೆದಿದ್ದೇನೆ.

ಹಂತ 2: ಯಾವ ರೂಪದಲ್ಲಿ?

ಒಂದೇ ಪಥ್ಯದ ಎರಡು ಪಟ್ಟಿ ಜಗಳವಾಡಿದರೆ ಮೊದಲು ಕೇಳಬೇಕಾದ ಪ್ರಶ್ನೆ ಇದು.

ಫ್ರಕ್ಟಾನ್ ಮತ್ತು ಕಾಳುಗಳ ಸಕ್ಕರೆ ನೀರಿನಲ್ಲಿ ಕರಗುತ್ತವೆ, ಎಣ್ಣೆಯಲ್ಲಿ ಕರಗುವುದಿಲ್ಲ. ಈ ಒಂದು ವಾಕ್ಯ ಗಟ್ಟಿ ಮಾಡಿಕೊಂಡರೆ ಹತ್ತಾರು ವಿರೋಧಗಳು ತಾವೇ ಬಿಡಿಸಿಕೊಳ್ಳುತ್ತವೆ. ‘ಬೆಳ್ಳುಳ್ಳಿ ಬೇಡ’ ಮತ್ತು ‘ಬೆಳ್ಳುಳ್ಳಿ ಎಣ್ಣೆ ಸರಿ’ ಎರಡೂ ನಿಜ: ಎಸಳನ್ನು ಎಣ್ಣೆಯಲ್ಲಿ ಬಾಡಿಸಿ ತೆಗೆದುಬಿಟ್ಟರೆ ಘಮ ಎಣ್ಣೆಗೆ ಇಳಿಯುತ್ತದೆ, ಫ್ರಕ್ಟಾನ್ ಎಸಳಲ್ಲೇ ಉಳಿಯುತ್ತದೆ. ಅದೇ ಎಸಳನ್ನು ಸಾರಿನಲ್ಲಿ ಕುದಿಸಿ ತೆಗೆದರೆ ಏನೂ ಪ್ರಯೋಜನವಿಲ್ಲ, ಅಷ್ಟರಲ್ಲಿ ಅದು ನೀರಿಗೆ ಇಳಿದಿರುತ್ತದೆ. (ಮನೆಯಲ್ಲಿ ಮಾಡಿದ ಬೆಳ್ಳುಳ್ಳಿ ಎಣ್ಣೆಯನ್ನು ಹೊರಗೆ ಇಟ್ಟುಕೊಳ್ಳಬೇಡಿ, ಬಾಟ್ಯುಲಿಸಂ ಎಂಬ ಪ್ರಾಣಾಂತಿಕ ಕಾಯಿಲೆ ತರುವ ವಿಷ ಹುಟ್ಟುವ ಅಪಾಯವಿದೆ. ಆಗಿಂದಾಗ ಮಾಡಿ ಬಳಸುವುದೇ ಒಳ್ಳೆಯದು.)

ಡಬ್ಬಿಯಲ್ಲಿ ಬರುವ ಬೆಂದ ಕಾಳಿಗೂ ಇದೇ ಲೆಕ್ಕ. ಕಾಳು ಆ ನೀರಿನಲ್ಲಿ ತಿಂಗಳುಗಟ್ಟಲೆ ಕೂತಿರುವುದರಿಂದ ಸಕ್ಕರೆಯ ಒಂದಷ್ಟು ಭಾಗ ನೀರಿಗೆ ಹೋಗಿರುತ್ತದೆ. ನೀರು ಬಸಿದು ತೊಳೆದರೆ ಕಾಬೂಲಿ ಕಡಲೆ ಕಾಲು ಕಪ್, ಅಂದರೆ 42 ಗ್ರಾಂನಷ್ಟು, ಪಥ್ಯದ ಮಿತಿಯೊಳಗೆ ಬರುತ್ತದೆ. ‘ಕಾಳು ಬೇಡ’ ಎಂದ ಪಟ್ಟಿ ಒಣಕಾಳನ್ನು ಮನಸ್ಸಿನಲ್ಲಿಟ್ಟುಕೊಂಡಿತ್ತು, ‘ಕಾಳು ಸ್ವಲ್ಪ ಸರಿ’ ಎಂದದ್ದು ಡಬ್ಬಿಯದನ್ನು.

ಹುದುಗಿಸುವಿಕೆ ಎರಡು ದಿಕ್ಕಿಗೂ ಎಳೆಯುತ್ತದೆ. ನಿಧಾನವಾಗಿ ಹುಳಿಬಂದ ಹಿಟ್ಟಿನ ಬ್ರೆಡ್ಡಿನಲ್ಲಿ ಫ್ರಕ್ಟಾನ್ ಕಡಿಮೆಯಾಗುತ್ತದೆ, ಹಾಲು ಗಟ್ಟಿ ಚೀಸ್ ಆಗುವ ಹೊತ್ತಿಗೆ ಲ್ಯಾಕ್ಟೋಸ್ ಬಹುತೇಕ ಹೋಗಿರುತ್ತದೆ. ಎಲೆಕೋಸು ಹುದುಗಿದಾಗ ಮಾತ್ರ ಬ್ಯಾಕ್ಟೀರಿಯಾಗಳು ಹೊಸದಾಗಿ ಮ್ಯಾನಿಟಾಲ್ ತಯಾರಿಸಬಲ್ಲವು. ಆದ್ದರಿಂದ ‘ಹುದುಗಿಸಿದ್ದೆಲ್ಲ ಒಳ್ಳೆಯದು’ ಅಥವಾ ‘ಎಲ್ಲ ಕೆಟ್ಟದ್ದು’ ಎನ್ನುವ ಪಟ್ಟಿಯನ್ನು ನಂಬಬೇಡಿ, ಆಯಾ ಪದಾರ್ಥವನ್ನು ಬೇರೆಯಾಗಿ ನೋಡಿ.

ಹಂತ 3: ಎಷ್ಟು?

ಮೊನಾಶ್ ಪಟ್ಟಿಯಲ್ಲಿ ಹಸಿರು ಎಂದರೆ ತಿನ್ನಬಹುದು, ಕೆಂಪು ಎಂದರೆ ಬೇಡ. ಹತ್ತು ಬಾದಾಮಿ ಹಸಿರು, ಇಪ್ಪತ್ತು ಬಾದಾಮಿ ಕೆಂಪು. ಒಂದು ಪಟ್ಟಿಯಲ್ಲಿ ಬಾದಾಮಿಗೆ ಟಿಕ್, ಇನ್ನೊಂದರಲ್ಲಿ ಕಾಟು ಇರುವುದು ಇಷ್ಟಕ್ಕೇ. ಮೊನಾಶ್ ಪ್ರಯೋಗಾಲಯದ ಲೆಕ್ಕದಲ್ಲಿ ಒಂದು ಹೊತ್ತಿನ ಪಾಲಿನಲ್ಲಿ ಧಾನ್ಯ, ಕಾಳು, ಬೀಜಗಳಿಗೆ 0.3 ಗ್ರಾಂ, ತರಕಾರಿ-ಹಣ್ಣುಗಳಿಗೆ 0.2 ಗ್ರಾಂ ಆಲಿಗೋಸ್ಯಾಕರೈಡ್ (ಅಂದರೆ ಫ್ರಕ್ಟಾನ್ ಮತ್ತು ಕಾಳುಗಳ ಸಕ್ಕರೆ) ಮಿತಿ. ಲ್ಯಾಕ್ಟೋಸ್‌ಗೆ 1 ಗ್ರಾಂ. ಇವು ತೀರಾ ಎಚ್ಚರಿಕೆಯ ಮಿತಿಗಳು. ಲ್ಯಾಕ್ಟೋಸ್ ಜೀರ್ಣವಾಗದವರಲ್ಲೂ ಬಹಳಷ್ಟು ಜನ ಒಂದು ಲೋಟ ಹಾಲಿನಲ್ಲಿರುವ ಸುಮಾರು 12 ಗ್ರಾಂ ತಡೆದುಕೊಳ್ಳುತ್ತಾರೆ. ಅಂದರೆ ಮಿತಿಗಿಂತ ಒಂದು ಚೂರು ಹೆಚ್ಚಾದರೆ ಅನಾಹುತವೇನೂ ಆಗುವುದಿಲ್ಲ. ಊಟ ಮುಗಿಸಿ ಲೆಕ್ಕ ಹಾಕಿ ಹೆದರುವವರಿಗೆ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಕಪ್ಪು, ಚಮಚದ ಅಳತೆಯಲ್ಲೂ ಮೋಸ ಹೋಗುತ್ತೇವೆ. ಆಸ್ಟ್ರೇಲಿಯಾದ ಕಪ್ 250 ಮಿಲಿ, ಅಮೆರಿಕದ್ದು ಸುಮಾರು 237. ಆಸ್ಟ್ರೇಲಿಯಾದ ದೊಡ್ಡ ಚಮಚ 20 ಮಿಲಿ, ಬೇರೆ ಕಡೆ 15. ‘ಒಂದು ದೊಡ್ಡ ಚಮಚ’ ಎಂದು ಎರಡು ಪಟ್ಟಿ ಒಪ್ಪಿದರೂ ಮೂರನೇ ಒಂದು ಭಾಗ ವ್ಯತ್ಯಾಸ ಉಳಿದಿರುತ್ತದೆ. ಆದ್ದರಿಂದ ಗ್ರಾಂ ಬರೆದಿರುವ ಪಟ್ಟಿಯನ್ನೇ ಹಿಡಿಯಿರಿ, ಅಡುಗೆಮನೆಗೆ ಒಂದು ಸಣ್ಣ ಡಿಜಿಟಲ್ ತಕ್ಕಡಿ ತನ್ನಿ. ಬಟ್ಟಲು ಇಟ್ಟು ಸೊನ್ನೆಗೆ ತಂದು, ಸಿಪ್ಪೆ ತೆಗೆದ ಬಾಳೆಹಣ್ಣನ್ನು ಮೊದಲ ಸಲ ತೂಗಿದಾಗ 118 ಎಂದು ತೋರಿಸಿತು. ಪಟ್ಟಿಯ ‘ಒಂದು ಮಧ್ಯಮ ಹಣ್ಣು’ 100 ಗ್ರಾಂ. ತುದಿಯಿಂದ ಎರಡು ಬೆರಳಗಲ ಕತ್ತರಿಸಿದೆ, 99ಕ್ಕೆ ಬಂತು. ಎರಡು ವಾರ ಹೀಗೆ ತೂಗಿದ ಮೇಲೆ ಕಣ್ಣಿಗೇ ಅಂದಾಜು ಸಿಗುತ್ತದೆ, ಆಗ ತಕ್ಕಡಿಯನ್ನು ಒಳಗಿಡಿ.

ಒಂದೇ ಊಟದಲ್ಲಿ ಹಲವು ‘ಹಸಿರು’ ಪದಾರ್ಥ ಸೇರಿದರೆ ಮಿತಿ ದಾಟುವುದಿಲ್ಲವೇ ಎಂಬುದು ಇನ್ನೊಂದು ಜಗಳ. ಮಿತಿಗಳನ್ನು ಇಟ್ಟಿರುವುದೇ ಇಂಥ ಊಟವನ್ನು ಗಮನದಲ್ಲಿಟ್ಟುಕೊಂಡು, ಆದ್ದರಿಂದ ಬಹುಪಾಲು ಜನ ಇದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಎಲ್ಲ ಹಸಿರು ತಿಂದೂ ತೊಂದರೆ ನಿಲ್ಲದಿದ್ದರೆ ಮಾತ್ರ ಒಂದೇ ಗುಂಪಿನ ಪದಾರ್ಥಗಳನ್ನು ಬೇರೆ ಬೇರೆ ಹೊತ್ತಿಗೆ ಹಂಚಿ, ಮೂರು-ನಾಲ್ಕು ಗಂಟೆ ಅಂತರ ಬಿಡಿ.

ಹಂತ 4: ಯಾವ ವರ್ಷದ್ದು?

ಪಟ್ಟಿಗೂ ವಯಸ್ಸಾಗುತ್ತದೆ. ಬಾಳೆಹಣ್ಣನ್ನೇ ತೆಗೆದುಕೊಳ್ಳಿ: 2017ರ ಮರುಪರೀಕ್ಷೆಯ ತನಕ ಅದನ್ನು ಮಾಗಿದ್ದೋ ಗಟ್ಟಿಯೋ ಎಂಬ ಭೇದವಿಲ್ಲದೆ ಹಸಿರು ಎಂದೇ ಬರೆಯುತ್ತಿದ್ದರು. ಆ ಪರೀಕ್ಷೆಯ ನಂತರ ಮಾಗಿದ ಹಣ್ಣಿನ ಪಾಲು ಸುಮಾರು ಮೂರನೇ ಒಂದು ಭಾಗಕ್ಕೆ ಇಳಿಯಿತು. ಸ್ಟ್ರಾಬೆರಿ ಬಹುಕಾಲ ಧಾರಾಳವಾಗಿ ತಿನ್ನಬಹುದಾದ ಹಣ್ಣಾಗಿತ್ತು, ಆಮೇಲಿನ ಅಳತೆಯಲ್ಲಿ 65 ಗ್ರಾಂಗೆ ಬಂತು. ದ್ರಾಕ್ಷಿಯದೂ ಅದೇ ಕಥೆ.

ನನಗೆ ಬಹಳ ಪಾಠ ಹೇಳಿದ್ದು ಬೆಣ್ಣೆಹಣ್ಣು. ಅದರಲ್ಲಿ ಸಾರ್ಬಿಟಾಲ್ ಇದೆ ಎಂದು ವರ್ಷಗಟ್ಟಲೆ ನಂಬಿ, ಎಂಟನೇ ಒಂದು ಭಾಗ, ಅಂದರೆ 30 ಗ್ರಾಂ ಮಾತ್ರ ಎಂದು ಮಿತಿ ಹಾಕಿದ್ದರು. ಸಾರ್ಬಿಟಾಲ್ ನಿಮಗೆ ಆಗುತ್ತದೋ ಇಲ್ಲವೋ ಎಂದು ನೋಡಲು ಬೆಣ್ಣೆಹಣ್ಣನ್ನೇ ಪರೀಕ್ಷೆಗೆ ಕೊಡುತ್ತಿದ್ದರು. 2024ರಲ್ಲಿ ಹೆಚ್ಚು ಸೂಕ್ಷ್ಮವಾಗಿ ಅಳೆದಾಗ ಅದು ಸಾರ್ಬಿಟಾಲ್ ಅಲ್ಲ, ಪರ್ಸೈಟಾಲ್ ಎಂಬ ಬೇರೆಯೇ ಪಾಲಿಯಾಲ್ ಎಂದು ಗೊತ್ತಾಯಿತು. ಪಾಲು 60 ಗ್ರಾಂಗೆ ಏರಿತು. ನಿಮಗೆ ಹಿಂದೆ ಬೆಣ್ಣೆಹಣ್ಣು ಆಗಿಬರಲಿಲ್ಲ ಎಂಬ ಒಂದೇ ಕಾರಣಕ್ಕೆ ಸಾರ್ಬಿಟಾಲ್ ಇರುವ ಹಣ್ಣುಗಳನ್ನೆಲ್ಲ ಬಿಟ್ಟಿದ್ದರೆ, ಆ ತೀರ್ಮಾನವನ್ನು ಮತ್ತೆ ತೆರೆಯಬೇಕು.

ತಳಿ, ಋತು, ಬೆಳೆದ ನೆಲ, ಕೂಡಿಟ್ಟ ಕಾಲ ಎಲ್ಲವೂ ಸಕ್ಕರೆಯ ಪ್ರಮಾಣ ಬದಲಿಸುವುದರಿಂದ ಮರುಪರೀಕ್ಷೆ ನಡೆಯುತ್ತಲೇ ಇರುತ್ತದೆ. ನಿಮ್ಮ ಹಾಳೆಯ ಮೇಲೆ ದಿನಾಂಕವಿಲ್ಲದಿದ್ದರೆ ಅದನ್ನು ಹಳೆಯದೆಂದೇ ಎಣಿಸಿ.

ಹಂತ 5: ಅಳೆದವರು ಯಾರು?

ನಾನು ಪಟ್ಟಿಗಳನ್ನು ಎರಡು ಜಾತಿಯಾಗಿ ವಿಂಗಡಿಸುತ್ತೇನೆ: ಪ್ರಯೋಗಾಲಯದಲ್ಲಿ ಅಳೆದವರದ್ದು, ಅಳೆದವರನ್ನು ನೋಡಿ ಬರೆದವರದ್ದು. ಮೊದಲನೆಯದರಲ್ಲಿ ಮೊನಾಶ್‌ನ ಆ್ಯಪ್ ಇದೆ, 2012ರಿಂದ ಬರುತ್ತಿದೆ. ಫಾಡ್‌ಮ್ಯಾಪ್ ಫ್ರೆಂಡ್ಲಿ ಎಂಬ ಇನ್ನೊಂದು ಆಸ್ಟ್ರೇಲಿಯಾದ ಸಂಸ್ಥೆಯೂ ತಾನೇ ಪರೀಕ್ಷೆ ಮಾಡಿಸಿ ಮುದ್ರೆ ಕೊಡುತ್ತದೆ. ಇವೆರಡೂ ಕೆಲವು ಪದಾರ್ಥಗಳಲ್ಲಿ ಬೇರೆ ಅಂಕಿ ಕೊಡುವುದುಂಟು. ಅಳೆದ ಮಾದರಿ ಬೇರೆ, ಮಿತಿ ಹಾಕುವ ರೀತಿ ಬೇರೆ. ಇಬ್ಬರಲ್ಲಿ ಒಬ್ಬರನ್ನು ಹಿಡಿದು ನಿರ್ಬಂಧದ ವಾರಗಳು ಮುಗಿಯುವ ತನಕ ಅವರನ್ನೇ ಅನುಸರಿಸಿ.

ಮಿಕ್ಕ ಹಾಳೆಗಳು, ಪೋಸ್ಟರುಗಳು, ಯಾರೋ ಕಳಿಸಿದ ಚಿತ್ರಗಳು ಬಹುಪಾಲು ಎರಡನೇ ಜಾತಿಯವು, ಒಂದರಿಂದ ಒಂದಕ್ಕೆ ನಕಲಾದವು. ಅಂಥ ಐದು ಪಟ್ಟಿ ಒಂದೇ ಮಾತು ಹೇಳಿದರೂ ಅದು ಐದು ಸಾಕ್ಷಿಯಲ್ಲ.

ಗ್ಲುಟೆನ್ ಬಗ್ಗೆ ಹೇಳುತ್ತೇನೆ ಎಂದಿದ್ದೆ. ‘ಗ್ಲುಟೆನ್‌ರಹಿತ’ ಎಂಬ ಮುದ್ರೆ ಫಾಡ್‌ಮ್ಯಾಪ್ ಬಗ್ಗೆ ಏನನ್ನೂ ಹೇಳುವುದಿಲ್ಲ. ಗ್ಲುಟೆನ್ ಒಂದು ಪ್ರೊಟೀನು, ಫ್ರಕ್ಟಾನ್ ಒಂದು ಸಕ್ಕರೆಸರಪಳಿ. ಗೋಧಿಯಲ್ಲಿ ಎರಡೂ ಒಟ್ಟಿಗಿರುವುದರಿಂದ ಗೊಂದಲ. 2018ರಲ್ಲಿ ಪ್ರಕಟವಾದ ನಾರ್ವೆಯ ಒಂದು ಅಧ್ಯಯನದಲ್ಲಿ, ಸೆಲಿಯಾಕ್ ಇಲ್ಲದಿದ್ದರೂ ಗ್ಲುಟೆನ್ ಆಗದು ಎಂದು ಬಿಟ್ಟಿದ್ದ 59 ಜನರಿಗೆ ಯಾವುದೆಂದು ತಿಳಿಸದೆ ಗ್ಲುಟೆನ್, ಫ್ರಕ್ಟಾನ್, ಎರಡೂ ಇಲ್ಲದ ಬಾರ್‌ಗಳನ್ನು ಕೊಟ್ಟರು. ಹೆಚ್ಚು ತೊಂದರೆ ಮಾಡಿದ್ದು ಫ್ರಕ್ಟಾನ್. ಸೆಲಿಯಾಕ್ ಇರುವವರಿಗೆ ಈ ಮಾತು ಅನ್ವಯಿಸುವುದಿಲ್ಲ, ಅವರು ಗ್ಲುಟೆನ್ ಜೀವನಪೂರ್ತಿ ಬಿಡಲೇಬೇಕು.

ಹಂತ 6: ಇಷ್ಟಾದರೂ ಬಗೆಹರಿಯದಿದ್ದರೆ

ನೋಟ್‌ಪುಸ್ತಕದಲ್ಲಿ ಮೂರು ಕಾಲಂ ಹಾಕಿ: ‘ತಿನ್ನುತ್ತೇನೆ’, ‘ಈಗ ಬೇಡ’, ‘ಗೊತ್ತಿಲ್ಲ’. ವಿವಾದದ ಪದಾರ್ಥಗಳು ಮೂರನೆಯದಕ್ಕೆ ಹೋಗಲಿ. ಎರಡನೆಯದಕ್ಕೆ ಹಾಕಬೇಡಿ, ನಾನು ಮಾಡಿದ ತಪ್ಪು ಅದೇ. ಒಮ್ಮೆ ‘ಬೇಡ’ ಎಂದು ಬರೆದದ್ದು ಅಲ್ಲೇ ಬೇರು ಬಿಡುತ್ತದೆ. ‘ಗೊತ್ತಿಲ್ಲ’ ಎಂದು ಬರೆದದ್ದು ಉತ್ತರ ಕೇಳುತ್ತಿರುತ್ತದೆ.

ಆಮೇಲೆ ಪ್ರತಿಯೊಂದಕ್ಕೂ ಹೀಗೆ ಕೇಳಿ: ಇದನ್ನು ನಾನು ದಿನಾ ತಿನ್ನುತ್ತೇನೆಯೇ? ದಿನಾ ತಿನ್ನುವುದಲ್ಲವಾದರೆ ನಿರ್ಬಂಧದ ಕೆಲವು ವಾರ ಬಿಟ್ಟರೆ ನಷ್ಟವಿಲ್ಲ. ದಿನಾ ತಿನ್ನುವ ಮುಖ್ಯ ಆಹಾರವಾದರೆ, ಎರಡು ಪಟ್ಟಿಗಳಲ್ಲಿ ಸಣ್ಣ ಅಂಕಿ ಯಾವುದೋ ಅಷ್ಟು ತಿನ್ನಿ. ಒಂದು 30 ಗ್ರಾಂ, ಇನ್ನೊಂದು 60 ಎಂದರೆ ನಿಮಗೆ 30. ಸೊನ್ನೆಗೆ ಇಳಿಯುವ ಅಗತ್ಯವೇ ಇಲ್ಲ.

ಪೊಟ್ಟಣದ ಆಹಾರಕ್ಕೆ ಪಟ್ಟಿ ನೋಡುವುದಕ್ಕಿಂತ ಲೇಬಲ್ ಓದುವುದು ಒಳ್ಳೆಯದು. ಇನ್ಯುಲಿನ್, ಚಿಕೋರಿ ಬೇರಿನ ನಾರು, ಫ್ರಕ್ಟೋ-ಆಲಿಗೋಸ್ಯಾಕರೈಡ್: ಮೂರೂ ಫ್ರಕ್ಟಾನ್‌ನ ಬಳಗ, ‘ನಾರಿನಂಶ ಹೆಚ್ಚು’ ಎಂಬ ಹೊಗಳಿಕೆಯ ಕೆಳಗೆ ಕೂತಿರುತ್ತವೆ. ಸಕ್ಕರೆರಹಿತ ಎಂದು ಬರೆದ ಮಿಠಾಯಿ, ಚೂಯಿಂಗ್ ಗಮ್‌ಗಳಲ್ಲಿ ಸಂಖ್ಯೆಗಳನ್ನು ಹುಡುಕಿ: 420 ಸಾರ್ಬಿಟಾಲ್, 421 ಮ್ಯಾನಿಟಾಲ್, 953 ಐಸೋಮಾಲ್ಟ್, 965 ಮಾಲ್ಟಿಟಾಲ್, 967 ಕ್ಸೈಲಿಟಾಲ್. ಸಾಸು, ಸೂಪ್‌ಪುಡಿಗಳಲ್ಲಿ ಈರುಳ್ಳಿ-ಬೆಳ್ಳುಳ್ಳಿ ಪುಡಿ ಇರುತ್ತದೆ. ಕೆಲವು ಮಾತ್ರೆ, ಕೆಮ್ಮಿನ ಸಿರಪ್‌ಗಳಲ್ಲೂ ಪಾಲಿಯಾಲ್ ಇರುತ್ತದೆ, ಆದರೆ ವೈದ್ಯರನ್ನು ಕೇಳದೆ ಔಷಧಿ ನಿಲ್ಲಿಸಬೇಡಿ.

ಹಂತ 7: ತಟ್ಟೆಗೆ ವಾಪಸ್ ತರುವುದು

ನಿರ್ಬಂಧದ ಅವಧಿ 2ರಿಂದ 6 ವಾರ. ಅಷ್ಟರಲ್ಲಿ ಏನೂ ಸುಧಾರಣೆ ಕಾಣದಿದ್ದರೆ ಇದು ನಿಮ್ಮ ಪಥ್ಯವಲ್ಲ. ಇನ್ನಷ್ಟು ಬಿಗಿ ಮಾಡಬೇಡಿ, ಊಟವನ್ನು ಮೊದಲಿನಂತೆ ಮಾಡಿಕೊಂಡು ವೈದ್ಯರ ಹತ್ತಿರ ಬೇರೆ ದಾರಿ ಕೇಳಿ. ತಿಂಗಳುಗಟ್ಟಲೆ ಎಳೆದರೆ ಕರುಳಿನ ಬೈಫಿಡೋಬ್ಯಾಕ್ಟೀರಿಯಾದಂಥ ಒಳ್ಳೆಯ ಜೀವಿಗಳಿಗೇ ಮೇವು ತಪ್ಪುತ್ತದೆ.

ಸುಧಾರಿಸಿದ್ದರೆ ನಿಜವಾದ ಕೆಲಸ ಈಗ ಶುರು. ‘ಗೊತ್ತಿಲ್ಲ’ ಕಾಲಂಗೆ ಉತ್ತರ ಸಿಗುವುದು ಇಲ್ಲಿಯೇ. ಮಿಕ್ಕ ಊಟವನ್ನು ಪಥ್ಯದಲ್ಲೇ ಇಟ್ಟುಕೊಂಡು ಒಂದು ಸಲಕ್ಕೆ ಒಂದೇ ಗುಂಪನ್ನು ಪರೀಕ್ಷಿಸಿ. ಆ ಗುಂಪು ಮಾತ್ರ ಇರುವ ಪದಾರ್ಥ ಆರಿಸಿ: ಲ್ಯಾಕ್ಟೋಸ್‌ಗೆ ಹಾಲು, ಫ್ರಕ್ಟೋಸ್‌ಗೆ ಜೇನುತುಪ್ಪ, ಮ್ಯಾನಿಟಾಲ್‌ಗೆ ಸಿಹಿಗೆಣಸು, ಕಾಳಿನ ಸಕ್ಕರೆಗೆ ಬಾದಾಮಿ ಅಥವಾ ಡಬ್ಬಿಯ ಕಡಲೆ. ಫ್ರಕ್ಟಾನ್ ಒಂದನ್ನು ಮಾತ್ರ ಮೂರು ಸಲ ನೋಡಬೇಕು: ಗೋಧಿ ಬೇರೆ, ಈರುಳ್ಳಿ ಬೇರೆ, ಬೆಳ್ಳುಳ್ಳಿ ಬೇರೆ. ಬೆಳ್ಳುಳ್ಳಿ ಆಗದವರಿಗೆ ಗೋಧಿ ಆರಾಮಾಗಿ ಆಗುವುದುಂಟು.

ಮೊದಲ ದಿನ ಸ್ವಲ್ಪ, ಎರಡನೇ ದಿನ ಅದರ ಎರಡರಷ್ಟು, ಮೂರನೇ ದಿನ ನೀವು ಸಾಮಾನ್ಯವಾಗಿ ತಿನ್ನುವಷ್ಟು. ಹಾಲಾದರೆ ಕಾಲು ಲೋಟ, ಅರ್ಧ, ಪೂರ್ತಿ. ಜೋರು ತೊಂದರೆಯಾದರೆ ಅಲ್ಲೇ ನಿಲ್ಲಿಸಿ. ಆಮೇಲೆ ಎರಡು-ಮೂರು ದಿನ ಬಿಡುವು, ನಂತರ ಮುಂದಿನ ಗುಂಪು. ಹೀಗೆ ಎಲ್ಲ ಮುಗಿಯಲು 6ರಿಂದ 8 ವಾರ ಹಿಡಿಯುತ್ತದೆ.

ಬರೆಯುವಾಗ ಏನು ತಿಂದಿರಿ, ಎಷ್ಟು ಗ್ರಾಂ, ಎಷ್ಟು ಹೊತ್ತಿಗೆ ಎಂದು ಬರೆಯಿರಿ. ಉಬ್ಬರ, ನೋವುಗಳಿಗೆ ಹತ್ತರಲ್ಲಿ ಅಂಕ ಕೊಡಿ. ಮಲದ ಬಗ್ಗೆ ಬ್ರಿಸ್ಟಲ್ ಚಾರ್ಟಿನ 7 ಬಗೆಗಳಲ್ಲಿ ಯಾವುದೆಂದು ಗುರುತು ಮಾಡಿ. ಇನ್ನೊಂದು ಸಾಲು ನಿದ್ದೆ, ಮುಟ್ಟು, ಆತಂಕಕ್ಕೆ ಇರಲಿ. ತೊಂದರೆ ತಕ್ಷಣ ಬರಬೇಕೆಂದಿಲ್ಲ. ಹುದುಗಿ ಗ್ಯಾಸ್ ಆಗಲು ಆಹಾರ ದೊಡ್ಡ ಕರುಳು ತಲುಪಬೇಕು, ಅದಕ್ಕೆ ನಾಲ್ಕು ಗಂಟೆಯಿಂದ ಒಂದು ದಿನವೂ ಹಿಡಿಯಬಹುದು. ಮಧ್ಯಾಹ್ನದ ಉಬ್ಬರಕ್ಕೆ ಮಧ್ಯಾಹ್ನದ ಊಟವನ್ನೇ ದೂರುವ ಮುಂಚೆ ಹಿಂದಿನ ರಾತ್ರಿಯ ಪುಟ ತಿರುಗಿಸಿ ನೋಡಿ.

ಹೆದರಿಕೆಯೂ ಹೊಟ್ಟೆ ಉಬ್ಬಿಸುತ್ತದೆ. ಅದು ನಟನೆಯಲ್ಲ, ಮಿದುಳು ಮತ್ತು ಕರುಳಿನ ನಡುವೆ ನರಗಳ ಸಂಪರ್ಕ ಗಟ್ಟಿಯಾಗಿದೆ. ಒಂದು ಪದಾರ್ಥದ ಮೇಲೆ ಭಯ ಕೂತಿದ್ದರೆ ಮನೆಯವರ ಸಹಾಯ ಪಡೆಯಿರಿ: ನೀವು ಪರೀಕ್ಷಿಸುತ್ತಿರುವ ದಿನ ಯಾವುದೆಂದು ಹೇಳದೆ ಅವರು ಅದನ್ನು ಅಡುಗೆಯಲ್ಲಿ ಬೆರೆಸಿಕೊಡಲಿ. ಅಲರ್ಜಿ, ಸೆಲಿಯಾಕ್ ಇರುವವರು ಈ ಕೆಲಸ ಮಾಡಬಾರದು.

ಹಂತ 8: ಇಬ್ಬರು ತಜ್ಞರೇ ಬೇರೆ ಬೇರೆ ಹೇಳಿದರೆ

ವೈದ್ಯರು ‘ನಾರಿನಂಶ ಹೆಚ್ಚು ತಿನ್ನಿ’, ಡಯಟಿಷಿಯನ್ ‘ಕಾಳು ಕಡಿಮೆ ಮಾಡಿ’ ಎನ್ನುತ್ತಾರೆ. ಇಬ್ಬರಲ್ಲಿ ಯಾರು ದೊಡ್ಡವರು ಎಂದು ತೂಗುತ್ತಾ ಕೂರಬೇಡಿ, ಒಬ್ಬರ ಮಾತನ್ನು ಇನ್ನೊಬ್ಬರ ಮುಂದೆ ಇಡಿ. ನಾನು ಕೊನೆಗೆ ಕಂಡ ಡಯಟಿಷಿಯನ್‌ಗೆ ಒಂದು ಪುಟದಲ್ಲಿ ಬರೆದುಕೊಂಡು ಹೋಗಿದ್ದೆ: “ಮೇಡಂ, ಈ ಆರು ಪದಾರ್ಥಗಳಿಗೆ ನನಗೆ ಎರಡು ಥರ ಹೇಳಿದ್ದಾರೆ. ಯಾವ ಕಾರಣಕ್ಕೆ ಬಿಡಬೇಕು, ಎಷ್ಟು ದಿನ ಬಿಡಬೇಕು, ಅದರ ಬದಲಿಗೆ ಏನು ತಿನ್ನಲಿ?” ಅವರು ಪೆನ್ನು ತೆಗೆದುಕೊಂಡು ಆರರಲ್ಲಿ ನಾಲ್ಕನ್ನು ಅಲ್ಲೇ ‘ತಿನ್ನುತ್ತೇನೆ’ ಕಾಲಂಗೆ ಬರೆದರು. ಅವು ಹಿಸ್ಟಮಿನ್ ಪಟ್ಟಿಯಿಂದ ಬಂದವು, ನನ್ನ ತೊಂದರೆಗೂ ಅವಕ್ಕೂ ಸಂಬಂಧವೇ ಇರಲಿಲ್ಲ. “ನಾರು ಬಿಡಬೇಡಿ, ಎಲ್ಲಿಂದ ತಗೋತೀರಿ ಅನ್ನೋದನ್ನ ಬದಲಾಯಿಸೋಣ” ಎಂದು ಓಟ್ಸ್, ಗಟ್ಟಿ ಹಣ್ಣು, ಕ್ಯಾರೆಟ್ ಬರೆದುಕೊಟ್ಟರು. ವೈದ್ಯರ ಮಾತೂ ಉಳಿಯಿತು.

ಬಿಡಿ ಎಂದವರನ್ನು ಈ ಮೂರು ಪ್ರಶ್ನೆ ಕೇಳಿ. ಕಾರಣ ಹೇಳಲಾಗದ, ಮುಗಿಯುವ ದಿನವಿಲ್ಲದ, ಬದಲಿ ಕೊಡದ ನಿಷೇಧವನ್ನು ಒಪ್ಪಿಕೊಳ್ಳಬೇಡಿ.

ಒಮ್ಮೆ ಆಗದ್ದು ಮುಂದೆಯೂ ಆಗದು ಎಂದೇನಿಲ್ಲ. ತಡೆದುಕೊಳ್ಳುವ ಶಕ್ತಿ ಕಾಲಕ್ಕೆ ತಕ್ಕಂತೆ ಬದಲಾಗುವುದರಿಂದ ‘ಈಗ ಬೇಡ’ ಕಾಲಂನಲ್ಲಿರುವುದನ್ನು ಕೆಲವು ತಿಂಗಳಿಗೊಮ್ಮೆ ಮತ್ತೆ ಪರೀಕ್ಷಿಸಿ. ನನ್ನ ಫ್ರಿಜ್ ಬಾಗಿಲಿನಲ್ಲಿ ಈಗ ಒಂದೇ ಹಾಳೆ ಇದೆ, ನನ್ನದೇ ಅಕ್ಷರದ್ದು. ಅದರ ಮೂರನೇ ಸಾಲು ಹೀಗಿದೆ: ಬಾಳೆಹಣ್ಣು, ಗಟ್ಟಿ, 100 ಗ್ರಾಂ, ಸರಿ. ಚುಕ್ಕೆ ಬಂದದ್ದು, ಅರ್ಧ, ಸರಿ. ಚುಕ್ಕೆ ಬಂದದ್ದು, ಪೂರ್ತಿ ಒಂದು, ಸಂಜೆಗೆ ಉಬ್ಬರ, ಹತ್ತರಲ್ಲಿ ಐದು. ಪಕ್ಕದಲ್ಲಿ ಪೆನ್ಸಿಲಿನಲ್ಲಿ, ಮೂರು ತಿಂಗಳ ಮುಂದಿನ ಒಂದು ತಾರೀಖು.